ಮುಂಬಯಿಯ ಮಕ್ಕಳಿಗೆ ನೆಲ, ನೀರು, ಗಾಳಿಯ ಪಾಠ: ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಪಾಲಕರಿಗೂ ಕನ್ನಡ ಶಾಲೆಗಳ ಶಿಕ್ಷಕರಿಗೂ ಉಪಯೋಗವಾಗಲೆಂದು ಈ ಉತ್ತರಗಳನ್ನು ಬರೆಯಲಾಗಿದೆ. ಇಲ್ಲಿ ಸೂಚಿಸಿರುವ ಪ್ರಯೋಗಗಳಿಗೆ ಬೇಕಾಗುವ ಸಾಮಗ್ರಿಯೆಲ್ಲವೂ ಮನೆಯಲ್ಲಿ ಅಥವಾ ಓಣಿಯ ಅಂಗಡಿಯಲ್ಲಿ ಸಿಗುವಂಥದ್ದು.

ಪ್ರಶ್ನೆ: ನಾವು ಇರುವುದು ಬಿಲ್ಡಿಂಗಿನ ಹತ್ತನೆಯ ಮಾಳಿಗೆಯಲ್ಲಿ. ಪರಿಸರವನ್ನು ತೋರಿಸಲು ಮಕ್ಕಳನ್ನು ಊರಿಗೇ ಕರೆದೊಯ್ಯಬೇಕಲ್ಲವೆ?

ಬೇಕಾಗಿಲ್ಲ. ಊರಿನ ಗದ್ದೆ, ತೋಟ, ಹೊಳೆಗಳನ್ನು ಮಕ್ಕಳು ನೋಡುವುದು ಒಳ್ಳೆಯದೇ. ಆದರೆ ಪರಿಸರವೆಂಬುದು ಊರಿನಲ್ಲಿದೆ, ಮುಂಬಯಿಯಲ್ಲಿ ಇರುವುದು ಸಿಮೆಂಟು ಮಾತ್ರ ಎಂಬ ಭಾವನೆ ಮಗುವಿನ ತಲೆಗೆ ಹೋಗುವುದು ಬಹುಮಟ್ಟಿಗೆ ನಮ್ಮ ಬಾಯಿಂದಲೇ. ನಗರದ ನಡುವೆಯೇ ಸುಮಾರು 104 ಚದರ ಕಿಲೋಮೀಟರ್ ವಿಸ್ತಾರದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ, ಅದರಲ್ಲಿ ಚಿರತೆಗಳಿವೆ, ಎರಡು ಕೆರೆಗಳಿವೆ. ಫ್ಲೆಮಿಂಗೊಗಳು ಬರುವ ಠಾಣೆ ಕೊಲ್ಲಿಗೆ 2022ರಲ್ಲಿ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆತಿದೆ. ಇವನ್ನೆಲ್ಲ ಬಿಟ್ಟರೂ, ಸೊಸೈಟಿಯ ಗೇಟಿನ ಪಕ್ಕದ ಒಂದು ಮರ ಮತ್ತು ಅದರ ಬುಡದ ಮಣ್ಣು ಇಡೀ ವರ್ಷದ ಅಭ್ಯಾಸಕ್ಕೆ ಸಾಕು.

ನಮ್ಮ ಸಲಹೆ ಇಷ್ಟೇ: ಹತ್ತು ಜಾಗಗಳನ್ನು ಒಮ್ಮೊಮ್ಮೆ ತೋರಿಸುವುದಕ್ಕಿಂತ ಒಂದೇ ಜಾಗವನ್ನು ವಾರಕ್ಕೊಮ್ಮೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತೋರಿಸಿರಿ. ಎಲೆ ಉದುರಿದ್ದು, ಹೂ ಬಿಟ್ಟದ್ದು, ಮೊದಲ ಮಳೆಗೆ ಮಣ್ಣಿನ ಬಣ್ಣ ಬದಲಾದದ್ದು, ನಾಲೆಯ ನೀರು ಏರಿದ್ದು ಇಂಥವೆಲ್ಲ ಮಗುವಿಗೆ ಬದಲಾವಣೆಯಾಗಿ ಕಾಣಬೇಕಾದರೆ, ಅದು ಹಿಂದೆ ಹೇಗಿತ್ತೆಂಬ ನೆನಪು ಮೊದಲು ಇರಬೇಕು. ಆ ನೆನಪು ಉಳಿಯಲು ಒಂದು ನೂರು ಪುಟದ ನೋಟ್‌ಬುಕ್ಕು ಮತ್ತು ಪೆನ್ಸಿಲು ಸಾಕಾಗುತ್ತದೆ. ಫೋಟೋ ತೆಗೆಯುವುದಕ್ಕಿಂತ ಚಿತ್ರ ಬರೆಸುವುದು ಲೇಸು, ಏಕೆಂದರೆ ಚಿತ್ರ ಬರೆಯಬೇಕಾದ ಮಗು ಎಲೆಯ ಅಂಚು ಗರಗಸದಂತಿದೆಯೇ ನುಣುಪಾಗಿದೆಯೇ ಎಂದು ಎರಡನೆಯ ಸಲ ನೋಡಲೇಬೇಕಾಗುತ್ತದೆ.

ಪ್ರಶ್ನೆ: ಯಾವ ವಯಸ್ಸಿನಿಂದ ಆರಂಭಿಸಬಹುದು?

ಐದಾರು ವರ್ಷದವರಿಗೆ ಮುಟ್ಟುವುದು, ಮೂಸುವುದು, ಬೇರ್ಪಡಿಸುವುದು ಸಾಕು, ವಿವರಣೆ ಬೇಡ. ಎಂಟು ಹತ್ತರವರಿಗೆ ಅಳತೆ ಮಾಡುವುದೆಂದರೆ ಬಹಳ ಇಷ್ಟ. ಅದೇ ವಯಸ್ಸಿನಲ್ಲಿ ಮಹಾರಾಷ್ಟ್ರದ ಶಾಲೆಗಳಲ್ಲಿ ‘ಪರಿಸರ ಅಭ್ಯಾಸ’ ಪಾಠವಾಗಿ ಬರುವುದರಿಂದ ಶಾಲೆಯ ಪುಸ್ತಕಕ್ಕೂ ಮನೆಯ ಅಳತೆಗೂ ತಾಳ ಕೂಡುತ್ತದೆ. ಹನ್ನೊಂದು ದಾಟಿದವರು ಕಾರಣ ಕೇಳುತ್ತಾರೆ, ಅವರೊಡನೆ ವಾದಿಸಬಹುದು.

ಪ್ರಶ್ನೆ: ಮುಂಬಯಿಯ ನೆಲದ ಬಗ್ಗೆ ಹೇಳಲು ಏನಿದೆ? ಇದೆಲ್ಲ ಸಮುದ್ರ ತುಂಬಿಸಿ ಮಾಡಿದ ಜಾಗವಲ್ಲವೆ?

ಏಳು ದ್ವೀಪಗಳ ನಡುವಣ ಕಡಲನ್ನು ತುಂಬಿಸಿ ನಗರ ಬೆಳೆದದ್ದು ನಿಜ. ಆದರೆ ಆ ದ್ವೀಪಗಳೂ ಉಪನಗರದ ಗುಡ್ಡಗಳೂ ಲಾವಾದಿಂದ ಆದವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನದ ನೆಲ ಬಿರುಕು ಬಿಟ್ಟು, ಆ ಬಿರುಕುಗಳಿಂದ ಲಾವಾ ಮತ್ತೆ ಮತ್ತೆ ಹರಿದು, ಒಂದರ ಮೇಲೊಂದು ಪದರವಾಗಿ ಹೆಪ್ಪುಗಟ್ಟಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಪ್ರದೇಶ ಬಸಾಲ್ಟ್ ಎಂಬ ಆ ಕಪ್ಪು ಲಾವಾಕಲ್ಲನ್ನು ಹೊದ್ದುಕೊಂಡಿದೆ. ವಿಜಯಪುರ, ಬೆಳಗಾವಿ, ಕಲಬುರಗಿ, ಬೀದರ್ ಕಡೆಯಿಂದ ಬಂದ ಕುಟುಂಬಗಳಿಗೆ ಇದು ಪರಕೀಯ ಕಥೆಯಲ್ಲ: ಆ ಜಿಲ್ಲೆಗಳ ಎರೆಮಣ್ಣು ಇದೇ ಬಸಾಲ್ಟ್ ಸವೆದು ಆದದ್ದು, ಗೋಳಗುಮ್ಮಟ ಕಟ್ಟಿದ್ದು ಇದೇ ಕಲ್ಲಿನಿಂದ.

ಅಂಧೇರಿ ಪಶ್ಚಿಮದ ಗಿಲ್ಬರ್ಟ್ ಹಿಲ್‌ಗೆ ಮಕ್ಕಳನ್ನು ಒಮ್ಮೆಯಾದರೂ ಕರೆದೊಯ್ಯಿರಿ. ಸುತ್ತಲಿನ ಬಿಲ್ಡಿಂಗುಗಳ ನಡುವೆ ಸುಮಾರು 60 ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತ ಈ ಬಂಡೆ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಕಟ್ಟಿದಂತೆ ಕಾಣುತ್ತದೆ. ನೆತ್ತಿಯಲ್ಲಿ ಗಾಂವ್‌ದೇವಿಯ ಗುಡಿ, ಏರಲು ಮೆಟ್ಟಿಲುಗಳು. ದಪ್ಪನಾದ ಲಾವಾ ನಿಧಾನವಾಗಿ ತಣಿಯುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ, ಆ ಬಿರುಕುಗಳು ಮೇಲ್ಮೈಯಿಂದ ಒಳಕ್ಕೆ ಇಳಿಯುತ್ತ ಕಲ್ಲನ್ನು ಬಹುಕೋನದ ಕಂಬಗಳಾಗಿ ಸೀಳುತ್ತವೆ. ಉಡುಪಿ ಕಡೆಯ ಮಕ್ಕಳು ರಜೆಯಲ್ಲಿ ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳೂ ಇದೇ ಬಗೆಯಲ್ಲಿ ಆದವು. ಆದರೆ ಅವು ದಖ್ಖನದ ಲಾವಾಕ್ಕಿಂತ ಹಳೆಯವು, ಸುಮಾರು 8.8 ಕೋಟಿ ವರ್ಷಗಳಷ್ಟು, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದವು. ಎರಡನ್ನೂ ಕಂಡ ಮಗು ಎರಡರ ಕಂಬಗಳಿಗೆ ಎಷ್ಟೆಷ್ಟು ಮೂಲೆಗಳಿವೆಯೆಂದು ಎಣಿಸಿ ಬರೆದಿಡಲಿ.

ಲಾವಾ ಒಂದೇ ಸಮನೆ ಹರಿಯಲಿಲ್ಲ ಎಂಬುದಕ್ಕೆ ಮುಂಬಯಿಯಲ್ಲಿಯೇ ಸಿಕ್ಕಿದ ಸಾಕ್ಷಿ ಮಕ್ಕಳಿಗೆ ಬಹಳ ಹಿಡಿಸುತ್ತದೆ. ವರ್ಲಿಯಲ್ಲಿ ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಜೇಡಿಕಲ್ಲಿನಲ್ಲಿ ಪುಟ್ಟ ಕಪ್ಪೆಗಳ ಪಳೆಯುಳಿಕೆಗಳು ದೊರೆತವು. ಅವನ್ನು 1847ರಲ್ಲಿ ವಿವರಿಸಿದವನು ರಿಚರ್ಡ್ ಓವೆನ್, ‘ಡೈನೊಸಾರ್’ ಎಂಬ ಹೆಸರನ್ನು ಕೊಟ್ಟ ವಿಜ್ಞಾನಿಯೂ ಆತನೇ. ಇಂದು ಆ ಕಪ್ಪೆಯನ್ನು ಇಂಡೋಬ್ಯಾಟ್ರಾಕಸ್ ಎನ್ನುತ್ತಾರೆ. ಒಂದು ಲಾವಾ ಹರಿದು ತಣಿದ ಮೇಲೆ, ಮುಂದಿನದು ಬರುವ ಮೊದಲು, ಅಲ್ಲಿ ನೀರು ನಿಂತು, ಹೂಳು ಕೂತು, ಕಪ್ಪೆಗಳು ಸಂಸಾರ ಹೂಡುವಷ್ಟು ಕಾಲ ಸಿಕ್ಕಿತ್ತು. ಇದನ್ನು ನೇರವಾಗಿ ಹೇಳಿಬಿಡಬೇಡಿ. “ಬೆಂಕಿಯ ಎರಡು ಪದರಗಳ ನಡುವೆ ಕಪ್ಪೆ ಹೇಗೆ ಬಂತು?” ಎಂದು ಕೇಳಿ ಎರಡು ದಿನ ಸುಮ್ಮನಿರಿ.

ಪ್ರಶ್ನೆ: ಕೋಟಿ ವರ್ಷಗಳೆಂದರೆ ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ. ಅಜ್ಜನ ಕಾಲವೂ ಡೈನೊಸಾರ್ ಕಾಲವೂ ಅವರಿಗೆ ಒಂದೇ.

ಪಶ್ಚಿಮ ರೈಲ್ವೆಯ ಲೋಕಲ್ ಇದಕ್ಕೆ ಹೇಳಿಮಾಡಿಸಿದಂತಿದೆ. ಚರ್ಚ್‌ಗೇಟ್‌ನಿಂದ ವಿರಾರ್‌ಗೆ ಸುಮಾರು 60 ಕಿಲೋಮೀಟರ್. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಭೂಮಿ ಹುಟ್ಟಿದ್ದು ಚರ್ಚ್‌ಗೇಟಿನಲ್ಲಿ, ಇಂದಿನ ದಿನ ವಿರಾರ್ ಎಂದಿಟ್ಟುಕೊಂಡರೆ ಹತ್ತು ಲಕ್ಷ ವರ್ಷಕ್ಕೆ ಸುಮಾರು 13 ಮೀಟರ್ ಬರುತ್ತದೆ. ಮೊದಲ ಸೂಕ್ಷ್ಮಜೀವಿಗಳ ಕುರುಹು ಸಿಗುವುದು ಬಾಂದ್ರಾ ಬರುವ ಹೊತ್ತಿಗೆ. ಗಾಳಿಯಲ್ಲಿ ಆಮ್ಲಜನಕ ಸೇರತೊಡಗುವುದು ಮಲಾಡ್ ಸಮೀಪಿಸಿದಾಗ. ಬೋರಿವಲಿ, ಮೀರಾರೋಡ್, ಭಾಯಂದರ್ ಎಲ್ಲ ಕಳೆದು ವಸಯಿ ಬಂದರೂ ಕಣ್ಣಿಗೆ ಕಾಣುವ ಪ್ರಾಣಿಗಳು ಆಗತಾನೆ ಕಾಣಿಸಿಕೊಳ್ಳುತ್ತಿವೆ. ಡೈನೊಸಾರ್‌ಗಳು ಹತ್ತುವುದು ನಾಲಾಸೋಪಾರಾ ದಾಟಿದ ಮೇಲೆ. ಮುಂಬಯಿಯ ಬಂಡೆಗಳನ್ನು ಮಾಡಿದ ಲಾವಾ ಹರಿಯುವುದು ವಿರಾರ್ ನಿಲ್ದಾಣಕ್ಕೆ ಒಂದು ಕಿಲೋಮೀಟರಿಗಿಂತ ಕಡಿಮೆ ಉಳಿದಾಗ, ಮತ್ತು ಸುಮಾರು 3 ಲಕ್ಷ ವರ್ಷ ಹಳೆಯದಾದ ಮನುಷ್ಯ ಕುಲಕ್ಕೆ ಕೊನೆಯ ನಾಲ್ಕು ಮೀಟರ್, ಅಂದರೆ ಒಂದು ಡಬ್ಬಿಯ ಒಂದು ಮೂಲೆ ಮಾತ್ರ. ದೊಡ್ಡ ಮಕ್ಕಳಿಗೆ ಈ ಲೆಕ್ಕವನ್ನು ತಾವೇ ಮಾಡಲು ಕೊಡಿ. ಮಧ್ಯ ರೈಲ್ವೆಯವರು ತಮ್ಮ ಮಾರ್ಗಕ್ಕೆ ಬೇರೆ ಲೆಕ್ಕ ಹಾಕಿಕೊಳ್ಳಬಹುದು.

ಪ್ರಶ್ನೆ: ಶಾಲೆಯಲ್ಲಿ ಜ್ವಾಲಾಮುಖಿಯ ಮಾದರಿ ಮಾಡಿಕೊಂಡು ಬರಲು ಹೇಳಿದ್ದಾರೆ. ಥರ್ಮೋಕೋಲ್, ಅಡುಗೆ ಸೋಡಾ, ವಿನಿಗರ್ ಸಾಕೆ?

ಅಂಕ ಬರಲು ಸಾಕು. ಆದರೆ ಸೋಡಾ ಮತ್ತು ವಿನಿಗರ್ ಸೇರಿ ಉಕ್ಕುವುದು ರಾಸಾಯನಿಕ ಕ್ರಿಯೆ, ಲಾವಾ ಉಕ್ಕುವುದು ಕರಗಿದ ಕಲ್ಲು ಮತ್ತು ಅದರೊಳಗಿನ ಅನಿಲಗಳ ಒತ್ತಡದಿಂದ. ಮೇಲಾಗಿ, ದಖ್ಖನದಲ್ಲಿ ಲಾವಾ ಹೆಚ್ಚಾಗಿ ಹೊರಬಂದದ್ದು ಪುಸ್ತಕದ ಚಿತ್ರದಂಥ ಚೂಪು ಬೆಟ್ಟದ ತುದಿಯಿಂದಲ್ಲ, ಉದ್ದುದ್ದ ಬಿರುಕುಗಳಿಂದ. ಹೀಗಾಗಿ ಮುಂಬಯಿಯ ಮಗು ಪ್ರತಿವರ್ಷ ಜಪಾನಿನ ಬೆಟ್ಟವನ್ನು ಮಾಡಿ ತನ್ನ ಕಾಲಡಿಯ ನೆಲದ ಬಗ್ಗೆ ತಪ್ಪು ಕಲಿಯುತ್ತದೆ. ಒಂದು ರಟ್ಟಿನಲ್ಲಿ ಉದ್ದನೆಯ ಸೀಳು ಮಾಡಿ, ಕೆಳಗಿನಿಂದ ಟೂತ್‌ಪೇಸ್ಟನ್ನು ಆ ಸೀಳಿನ ಮೂಲಕ ಒತ್ತಿಸಿ, ಒಣಗಿದ ಮೇಲೆ ಬೇರೆ ಬಣ್ಣದ ಪೇಸ್ಟನ್ನು ಅದರ ಮೇಲೆಯೇ ಹರಿಯಬಿಟ್ಟರೆ ಪದರಗಳು ಬೀಳುವ ಬಗೆ ಕಣ್ಣಿಗೆ ಕಾಣುತ್ತದೆ. ಥರ್ಮೋಕೋಲ್ ತರದಿರುವುದೇ ಮೇಲು. ಪರಿಸರದ ಪಾಠಕ್ಕೆಂದು ಕೊಂಡ ಥರ್ಮೋಕೋಲ್ ಮರುವಾರ ಕಸದ ಡಬ್ಬಿಗೆ ಹೋಗುವುದನ್ನು ಮಕ್ಕಳು ಗಮನಿಸದೆ ಇರುವುದಿಲ್ಲ.

ಪ್ರಶ್ನೆ: ಕಲ್ಲುಗಳ ಬಗ್ಗೆ ಮನೆಯೊಳಗೇ ಏನಾದರೂ ಮಾಡಿಸಬಹುದೆ?

ಹಳೆಯ ಚಾಳುಗಳ ನೆಲಕ್ಕೆ ಹಾಸಿರುವ ಬೂದು ಬಣ್ಣದ ಶಹಾಬಾದಿ ಫರಶಿ ಕಲಬುರಗಿ ಜಿಲ್ಲೆಯ ಸುಣ್ಣದಕಲ್ಲು. ಅಡುಗೆ ಕಟ್ಟೆಯ ಮೇಲಿನದು ಬಹುಶಃ ಗ್ರಾನೈಟ್. ಕಪಾಟಿನ ಹಲಗೆಯಾಗಿ ಬಳಸುವ ಕಪ್ಪು ಕಡಪ ಕಲ್ಲು ಮತ್ತೆ ಸುಣ್ಣದಕಲ್ಲೇ. ರಸ್ತೆ ರಿಪೇರಿಗೆ ತಂದು ಸುರಿದ ಜಲ್ಲಿ ಬಸಾಲ್ಟ್. ಒಡೆದ ಫರಶಿಯ ಒಂದು ಚೂರನ್ನೂ ಒಂದು ಜಲ್ಲಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಎರಡನ್ನೂ ಮೊಳೆಯಿಂದ ಗೀರಿ, ಗೀರಿದ ಪುಡಿಯ ಮೇಲೆ ಎರಡೆರಡು ತೊಟ್ಟು ವಿನಿಗರ್ ಹಾಕಿಸಿರಿ. ಫರಶಿಯ ಪುಡಿಯ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ, ಕಿವಿ ಹತ್ತಿರ ತಂದರೆ ಚುರುಚುರು ಎನ್ನುವುದೂ ಕೇಳಿಸೀತು. ಜಲ್ಲಿಯ ಮೇಲೆ ಏನೂ ಆಗುವುದಿಲ್ಲ. ಸುಣ್ಣದಕಲ್ಲಿನ ಕಾರ್ಬೊನೇಟ್ ಆಮ್ಲದೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಹೀಗಾಗುತ್ತದೆ. ಹೊಳಪು ಕೊಟ್ಟ ನೆಲದ ಮೇಲೆ ಮಾತ್ರ ಈ ಪರೀಕ್ಷೆ ಬೇಡ, ಕಲೆ ಉಳಿಯುತ್ತದೆ.

ಇನ್ನೊಂದು ಪ್ರಯೋಗವನ್ನು ಕಡಲತೀರದಲ್ಲಿ ಮಾಡಬಹುದು. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಲೆ ಹಿಂದೆ ಸರಿದಾಗ ಮರಳಿನಲ್ಲಿ ಉಳಿಯುವ ಕಪ್ಪು ಗೆರೆಯ ಮೇಲೆ ಎಳೆಯಿರಿ. ಮೀಸೆಯಂತೆ ನಿಲ್ಲುವ ಕಪ್ಪು ಕಣಗಳು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ, ಬಸಾಲ್ಟ್ ಸವೆದಾಗ ಬಿಡುಗಡೆಯಾದದ್ದು. ಚೀಲವನ್ನು ಒಳಹೊರಗು ಮಾಡಿ ಕಾಗದದ ಮೇಲೆ ಬಿಟ್ಟರೆ ಕಣಗಳು ಅಯಸ್ಕಾಂತಕ್ಕೆ ಅಂಟಿಕೊಳ್ಳದೆ ಬೀಳುತ್ತವೆ. ಚೀಲವಿಲ್ಲದೆ ಮಾಡಿದರೆ ಅವನ್ನು ಕೀಳುವುದರಲ್ಲೇ ಸಂಜೆಯಾಗುತ್ತದೆ.

ಪ್ರಶ್ನೆ: ಮಳೆಯ ಬಗ್ಗೆ ಮಕ್ಕಳು ಏನು ಮಾಡಬಹುದು? ಮಳೆ ಬಂದರೆ ಶಾಲೆಗೆ ರಜೆ ಸಿಗುತ್ತದೆಯೇ ಎಂಬುದಷ್ಟೇ ಅವರ ಪ್ರಶ್ನೆ.

ಅದೇ ಪ್ರಶ್ನೆಯಿಂದ ಹೊರಡಿ. ರಜೆ ಕೊಡುವವರು ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ನೋಡುತ್ತಾರೆ. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ಮೀರಿದರೆ ಅದಕ್ಕೂ ಮೇಲಿನ ದರ್ಜೆ. ಆ ಮಿಲಿಮೀಟರ್ ಎಂದರೇನೆಂದು ತಿಳಿಯಲು ಮಗು ತಾನೇ ಒಂದು ಮಳೆಮಾಪಕ ಮಾಡಲಿ. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆಯನ್ನು ಕತ್ತರಿಸಿ ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಬೇಕು. ತಳದ ಉಬ್ಬುತಗ್ಗು ಮುಚ್ಚುವಷ್ಟು ನೀರು ಮೊದಲೇ ತುಂಬಿ, ಆ ಮಟ್ಟಕ್ಕೆ ಸೊನ್ನೆ ಎಂದು ಗೆರೆ ಎಳೆದು, ಅಲ್ಲಿಂದ ಮೇಲಕ್ಕೆ ಸ್ಕೇಲಿನ ಪಟ್ಟಿ ಅಂಟಿಸಬೇಕು. ಟೆರೇಸಿನಲ್ಲಿ ಗೋಡೆಯಿಂದಲೂ ನೀರಿನ ಟಾಕಿಯಿಂದಲೂ ದೂರ, ಗಾಳಿಗೆ ಉರುಳದಂತೆ ಎರಡು ಇಟ್ಟಿಗೆಗಳ ನಡುವೆ ಇಡಬೇಕು. ಬಾಲ್ಕನಿಯಲ್ಲಿಟ್ಟರೆ ಮೇಲಿನ ಮಾಳಿಗೆ ಮಳೆಯನ್ನು ತಡೆದು ಲೆಕ್ಕ ಕೆಡುತ್ತದೆ. ಇಲಾಖೆಯವರಂತೆ ಬೆಳಿಗ್ಗೆ 8:30ಕ್ಕೆ ಓದಿ ಬರೆದು, ನೀರನ್ನು ಸೊನ್ನೆಯ ಗೆರೆಗೆ ಇಳಿಸಬೇಕು.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಇದು ಗೊತ್ತಾದೊಡನೆ ಗಣಿತ ತಾನಾಗಿ ಬರುತ್ತದೆ: 100 ಚದರ ಮೀಟರ್ ಟೆರೇಸಿನ ಮೇಲೆ ಒಂದು ದಿನ 100 ಮಿಲಿಮೀಟರ್ ಸುರಿದರೆ 10,000 ಲೀಟರ್, ಅಂದರೆ ಬೇಸಿಗೆಯಲ್ಲಿ ಸೊಸೈಟಿ ದುಡ್ಡು ಕೊಟ್ಟು ತರಿಸುವ ಒಂದು ಟ್ಯಾಂಕರ್. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅದೇ ಅವಧಿಯಲ್ಲಿ ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು 75 ಮಿಲಿಮೀಟರಿಗೂ ಕಡಿಮೆ. ಒಂದೇ ಅಳತೆಗೋಲಿನಿಂದ ಇಡೀ ಮುಂಬಯಿಯ ಮಳೆ ತಿಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಅಂಧೇರಿ, ಮುಲುಂಡ್, ದಾದರ್‌ಗಳಲ್ಲಿರುವ ಸೋದರ ಸಂಬಂಧಿ ಮಕ್ಕಳು ತಂತಮ್ಮ ಮಾಪಕದ ಅಂಕಿಗಳನ್ನು ಮೊಬೈಲಿನಲ್ಲಿ ಹಂಚಿಕೊಂಡು ಒಂದು ತಿಂಗಳು ಹೋಲಿಸಿದರೆ ಅದೇ ಒಳ್ಳೆಯ ಪ್ರಾಜೆಕ್ಟ್.

ಮನೆಯಲ್ಲಿ ಅಜ್ಜಿಯಿದ್ದರೆ ಮಳೆ ನಕ್ಷತ್ರಗಳ ಲೆಕ್ಕವನ್ನೂ ನೋಟ್‌ಬುಕ್ಕಿಗೆ ಸೇರಿಸಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆಂದು ಪಂಚಾಂಗ ಲೆಕ್ಕ ಹಾಕುತ್ತದೆ. ಮೃಗಶಿರಾ ಜೂನ್ 7-8ರ ಸುಮಾರಿಗೆ, ಆರಿದ್ರಾ ಜೂನ್ 21-22ರ ಸುಮಾರಿಗೆ ಆರಂಭವಾಗುತ್ತದೆ. ಮುಂಗಾರು ಮುಂಬಯಿ ಮುಟ್ಟುವ ಸಾಮಾನ್ಯ ದಿನವೆಂದು ಹವಾಮಾನ ಇಲಾಖೆ ಇಟ್ಟುಕೊಂಡಿರುವುದು ಜೂನ್ 11, ಅಂದರೆ ಮೃಗಶಿರಾ ಮಳೆಯ ಒಳಗೇ. ಯಾವ ನಕ್ಷತ್ರದಲ್ಲಿ ಎಷ್ಟು ಮಿಲಿಮೀಟರ್ ಬಿತ್ತೆಂದು ಮಗು ಕೂಡಿಸಿ ನೋಡಲಿ. ಅಜ್ಜಿಯ ಮಾತು ಈ ವರ್ಷ ಹೊಂದಿತೋ ಇಲ್ಲವೋ ಎಂಬುದನ್ನು ಅಂಕಿಯೇ ಹೇಳುತ್ತದೆ. ಕಣ್ಣುಮುಚ್ಚಿ ನಂಬುವುದೂ ಬೇಡ, ನಗುವುದೂ ಬೇಡ.

ಪ್ರಶ್ನೆ: ನಲ್ಲಿಯ ನೀರು ಎಲ್ಲಿಂದ ಬರುತ್ತದೆಂದು ಕೇಳಿದರೆ ಮಗ “ಟಾಕಿಯಿಂದ” ಎನ್ನುತ್ತಾನೆ. ಮುಂದೆ ಹೇಗೆ ಹೇಳಬೇಕು?

ಟಾಕಿಗೆ ಎಲ್ಲಿಂದ ಬಂತೆಂದು ಕೇಳುತ್ತ ಹಿಂದಕ್ಕೆ ಹೋಗಿ. ಮುಂಬಯಿಗೆ ನೀರು ಕೊಡುವುದು ಏಳು ಜಲಾಶಯಗಳು: ತುಳಸಿ, ವಿಹಾರ್, ತಾನ್ಸಾ, ಮೋಡಕ್ ಸಾಗರ್, ಮಧ್ಯ ವೈತರಣಾ, ಮೇಲಣ ವೈತರಣಾ ಮತ್ತು ಭಾತ್ಸಾ. ಮೊದಲ ಎರಡು ಮಾತ್ರ ನಗರದೊಳಗಿವೆ. ಉಳಿದವು ಠಾಣೆ, ಪಾಲ್ಘರ್ ಮತ್ತು ನಾಸಿಕ್ ಜಿಲ್ಲೆಗಳಲ್ಲಿವೆ. ವಿಹಾರ್ ಕೆರೆ 1860ರಲ್ಲಿ ಸಿದ್ಧವಾಯಿತು. ಮಳೆಗಾಲದಲ್ಲಿ ಈ ಏಳರ ನೀರಿನ ಮಟ್ಟ ಪತ್ರಿಕೆಯಲ್ಲಿ ಪ್ರತಿದಿನ ಬರುತ್ತದೆ, ಅದನ್ನು ಗ್ರಾಫ್ ಹಾಳೆಯ ಮೇಲೆ ಬರೆಸಿದರೆ ಮನೆಯ ಟೆರೇಸಿನ ಮಳೆಗೂ ದೂರದ ಕೆರೆ ತುಂಬುವುದಕ್ಕೂ ಇರುವ ನಂಟು, ಕೆಲವೊಮ್ಮೆ ನಂಟಿಲ್ಲದಿರುವುದು, ಎರಡೂ ಕಾಣುತ್ತವೆ. ವಿಹಾರ್ ಮತ್ತು ಪೊವಾಯಿ ಕೆರೆಗಳು ತುಂಬಿ ಹೊರಬಿಟ್ಟ ನೀರೇ ಮಿಠಿ ನದಿ. ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಕೊಲ್ಲಿ ಸೇರುವ ಅದನ್ನು ನದಿಯೆಂದು ಮಕ್ಕಳು ಒಪ್ಪುವುದೇ ಇಲ್ಲ. ಒಪ್ಪದಿರಲು ಕಾರಣವೇನೆಂದು ಅವರಿಂದಲೇ ಹೇಳಿಸಿ. ಕಾಣ್ಹೇರಿ ಗುಹೆಗಳಿಗೆ ಹೋದಾಗ ವಿಗ್ರಹಗಳನ್ನು ಮಾತ್ರ ನೋಡಿ ಬರಬೇಡಿ. ಮಳೆ ನೀರನ್ನು ಹಿಡಿದಿಡಲು ಭಿಕ್ಷುಗಳು ಬಂಡೆಯಲ್ಲಿಯೇ ಕಡೆದ ಕಾಲುವೆ, ತೊಟ್ಟಿಗಳನ್ನೂ ಹುಡುಕಿಸಿ.

ಪ್ರಶ್ನೆ: ಸಮುದ್ರದ ಉಬ್ಬರ ಇಳಿತ ತೋರಿಸಲು ಯಾವ ಜಾಗ ಒಳ್ಳೆಯದು? ಅಪಾಯವಿಲ್ಲವೆ?

ಉಬ್ಬರವಿಳಿತದ ವೇಳಾಪಟ್ಟಿ ನೋಡದೆ ಹೋದರೆ ಅಪಾಯವಿದೆ. ದಿನಕ್ಕೆ ಸಾಧಾರಣವಾಗಿ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರಕ್ಕೂ ಮತ್ತೊಂದಕ್ಕೂ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಕಡಲು ಹೇಗಿರುತ್ತದೆಂದು ಮಗು ಮೊದಲೇ ಊಹಿಸಿ ಬರೆದು, ಆಮೇಲೆ ಹೋಗಿ ನೋಡಲಿ. ಮೊಗವೀರ ಕುಟುಂಬಗಳ ಹಿರಿಯರಿಗೆ ಈ ಲೆಕ್ಕ ಬೆರಳ ತುದಿಯಲ್ಲಿರುತ್ತದೆ, ಪುಸ್ತಕಕ್ಕಿಂತ ಮೊದಲು ಅವರನ್ನು ಕೇಳಿ.

ಇಳಿತದ ಸಮಯದಲ್ಲಿ ಜುಹು, ಹಾಜಿ ಅಲಿ, ಗಿರ್‌ಗಾಂವ್ ಚೌಪಾಟಿಗಳ ಬಂಡೆ ಮತ್ತು ಮರಳಿನಲ್ಲಿ ಏಡಿ, ಶಂಖದ ಹುಳು, ಕಡಲ ಹೂವುಗಳು ಕಾಣಸಿಗುತ್ತವೆ. ‘ಮರೈನ್ ಲೈಫ್ ಆಫ್ ಮುಂಬಯಿ’ ಎಂಬ ನಾಗರಿಕರ ಬಳಗ 2017ರಿಂದ ಜನರನ್ನು ಇಂಥ ನಡಿಗೆಗಳಿಗೆ ಕರೆದೊಯ್ಯುತ್ತಿದೆ. ಮೊದಲ ಸಲ ತಿಳಿದವರ ಜೊತೆಗೆ ಹೋಗುವುದೇ ಒಳ್ಳೆಯದು. ಮಳೆಗಾಲದಲ್ಲಿ ಬಂಡೆಯ ಮೇಲೆ ಮಕ್ಕಳನ್ನು ಇಳಿಸಲೇಬೇಡಿ. ಆಗಸ್ಟ್ ಸುಮಾರಿಗೆ ಜುಹುವಿನಂಥ ತೀರಗಳಿಗೆ ಉದ್ದ ದಾರಗಳಿರುವ ನೀಲಿ ಗುಳ್ಳೆಯಂಥ ಜೀವಿಗಳು ಬಂದು ಬೀಳುತ್ತವೆ. ನೋಡಲು ಅವು ಆಟಿಕೆಯಂತಿರುತ್ತವೆ, ಸತ್ತ ಮೇಲೂ ಕುಟುಕುತ್ತವೆ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಲು ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರ ಅನುಕೂಲಕರ. ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ಮೇಲೆದ್ದಿರುವ ಉಸಿರಾಟದ ಬೇರುಗಳನ್ನು ಎಲ್ಲರೂ ತೋರಿಸುತ್ತಾರೆ. ಅದರೊಡನೆ ಎಲೆಯನ್ನೂ ತಿರುಗಿಸಿ ನೋಡಿಸಿ. ಇಲ್ಲಿ ಹೇರಳವಾಗಿರುವ ತಿವರ ಮರ ಹೀರಿದ ಉಪ್ಪನ್ನು ಎಲೆಯ ಮೂಲಕ ಹೊರಹಾಕುತ್ತದೆ, ಒಣಹವೆಯ ದಿನ ಎಲೆಯ ಮೇಲೆ ಬೆರಳಾಡಿಸಿದರೆ ಉಪ್ಪಿನ ಸಣ್ಣ ಹರಳುಗಳು ತರಿತರಿಯಾಗಿ ಸಿಗುತ್ತವೆ.

ಪ್ರಶ್ನೆ: ಮುಂಬಯಿಯಲ್ಲಿ ಭೂಕಂಪ ಆಗುತ್ತದೆಯೇ ಎಂದು ಮಗಳು ಹೆದರಿ ಕೇಳುತ್ತಾಳೆ.

1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾದಲ್ಲಿ ಆದ 6.3 ಪ್ರಮಾಣದ ಭೂಕಂಪದಿಂದ ಮುಂಬಯಿಯೂ ನಡುಗಿತ್ತು. ಅಣೆಕಟ್ಟಿನ ಹಿಂದೆ ನಿಂತ ನೀರಿನ ಭಾರ ಮತ್ತು ಒಳಗೆ ಇಂಗಿದ ನೀರಿನ ಒತ್ತಡ ಭೂಕಂಪವನ್ನು ಪ್ರಚೋದಿಸಬಲ್ಲವು ಎಂಬುದಕ್ಕೆ ಜಗತ್ತಿನ ವಿಜ್ಞಾನಿಗಳು ಇಂದಿಗೂ ಕೊಯ್ನಾವನ್ನು ಉದಾಹರಿಸುತ್ತಾರೆ. ಆಗುವುದೇ ಇಲ್ಲವೆಂದು ಸುಳ್ಳು ಹೇಳಬೇಡಿ. ಮೇಜಿನ ಕೆಳಗೆ ಕೂರುವುದು, ತಲೆ ಮುಚ್ಚಿಕೊಳ್ಳುವುದು, ಲಿಫ್ಟ್ ಬಳಸದಿರುವುದು ಇವನ್ನು ಒಮ್ಮೆ ಅಭ್ಯಾಸ ಮಾಡಿಸಿ. ಮಾಡಬೇಕಾದ್ದು ಗೊತ್ತಿದ್ದರೆ ಹೆದರಿಕೆ ಕಡಿಮೆಯಾಗುತ್ತದೆ.

ಪ್ರಶ್ನೆ: ಹವಾಮಾನ ಬದಲಾವಣೆಯ ಬಗ್ಗೆ ಹೇಳಿದರೆ ಮಕ್ಕಳು ಕಂಗಾಲಾಗುತ್ತಾರೆ. ಹೇಳದಿರುವುದೇ ಮೇಲಲ್ಲವೆ?

ಅವರು ಹೇಗೂ ಮೊಬೈಲಿನಲ್ಲಿ ನೋಡುತ್ತಾರೆ, ಅಲ್ಲಿ ಸಿಗುವುದು ಹೆಚ್ಚಾಗಿ ಮುಂಬಯಿ ಮುಳುಗುವ ಚಿತ್ರಗಳು. ಹತ್ತು ವರ್ಷದೊಳಗಿನವರಿಗೆ ಇದನ್ನು ನೀವಾಗಿ ಎತ್ತಬೇಕಾಗಿಲ್ಲ. ದೊಡ್ಡವರಿಗೆ ಅಂಕಿಗಳೊಡನೆ ಹೇಳಿ. ಕೈಗಾರಿಕೆಗಳಿಗೆ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420 ದಾಟಿದೆ. ಆ ಅನಿಲ ಭೂಮಿಯ ಶಾಖ ಹೊರಹೋಗುವುದನ್ನು ತಡೆಯುತ್ತದೆ. 2020ರ ಜೂನ್ 3ರಂದು ಅಲಿಬಾಗ್ ಬಳಿ ಅಪ್ಪಳಿಸಿದ ನಿಸರ್ಗ, ಮರುವರ್ಷ ಮೇ ತಿಂಗಳಲ್ಲಿ ಮುಂಬಯಿಯ ಮಗ್ಗುಲಲ್ಲಿ ಹಾದುಹೋದ ತೌಕ್ತೆ ಚಂಡಮಾರುತಗಳು ಮನೆಯವರಿಗೆ ನೆನಪಿರುತ್ತವೆ. ಆದರೆ ಒಂದು ಚಂಡಮಾರುತವನ್ನು ತೋರಿಸಿ ಇದೇ ಹವಾಮಾನ ಬದಲಾವಣೆ ಎನ್ನಬೇಡಿ. ಒಂದು ದಿನದ ಹವೆಯೇ ಬೇರೆ, ಮೂವತ್ತು ವರ್ಷಗಳ ಸರಾಸರಿಯೇ ಬೇರೆ. ಮಳೆಯ ನೋಟ್‌ಬುಕ್ಕು ಇಟ್ಟ ಮಗುವಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. “ನೀವೇ ಭೂಮಿಯನ್ನು ಉಳಿಸಬೇಕು” ಎಂದು ಮಕ್ಕಳ ಹೆಗಲಿಗೆ ಭಾರ ಹೊರಿಸುವ ಭಾಷಣಗಳು ನಮಗೆ ಹಿಡಿಸುವುದಿಲ್ಲ. ಆ ಕೆಲಸ ಮತ ಹಾಕುವವರದು, ಸೊಸೈಟಿಯ ಸಭೆಯಲ್ಲಿ ಕೂರುವವರದು.

ಪ್ರಶ್ನೆ: ಗಣೇಶ ಚೌತಿಗೆ ಯಾವ ಮೂರ್ತಿ ತರಬೇಕೆಂದು ಮನೆಯಲ್ಲಿ ಜಗಳ. ಮಕ್ಕಳಿಗೆ ಹೇಗೆ ವಿವರಿಸುವುದು?

ವಿವರಿಸದೆ ಎರಡು ಬಕೆಟ್ ನೀರು ಇಡಿ. ಒಂದರಲ್ಲಿ ಶಾಡು ಎಂಬ ಜೇಡಿಮಣ್ಣಿನ ಒಣಗಿದ ಉಂಡೆ, ಇನ್ನೊಂದರಲ್ಲಿ ಅಷ್ಟೇ ಗಾತ್ರದ ಪ್ಲಾಸ್ಟರ್ ಆಫ್ ಪ್ಯಾರಿಸ್ ಉಂಡೆ. ಮಣ್ಣಿನದು ಕೆಲವೇ ಗಂಟೆಗಳಲ್ಲಿ ಅಂಚಿನಿಂದ ಕುಸಿಯುತ್ತ ತಳ ಸೇರುತ್ತದೆ, ಪ್ಲಾಸ್ಟರಿನದು ಹಾಗೆಯೇ ಕೂತಿರುತ್ತದೆ. ಜಿಪ್ಸಮ್ ಎಂಬ ಖನಿಜವನ್ನು ಕಾಯಿಸಿ ನೀರಿನಂಶ ತೆಗೆದರೆ ಪ್ಲಾಸ್ಟರ್, ಅದಕ್ಕೆ ನೀರು ಕಲಸಿದರೆ ಮತ್ತೆ ಗಟ್ಟಿ ಜಿಪ್ಸಮ್. ಜಿಪ್ಸಮ್ ನೀರಿನಲ್ಲಿ ಕರಗುವುದು ಬಲು ಅಲ್ಪ. ಬಣ್ಣದ ವಿಷಯವನ್ನು ದೊಡ್ಡ ಮಕ್ಕಳೊಡನೆ ಪ್ರತ್ಯೇಕವಾಗಿ ಚರ್ಚಿಸಬಹುದು.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವ ರೈಲಿನಲ್ಲಿ ಮಕ್ಕಳಿಗೆ ಮೊಬೈಲ್ ಬಿಟ್ಟು ಬೇರೆ ಏನು ಕೊಡಬಹುದು?

ಕಿಟಕಿ ಕೊಡಿ. ಕೊಂಕಣ ರೈಲ್ವೆಯಲ್ಲಿ ರೋಹಾ ದಾಟಿದ ಮೇಲೆ ಗುಡ್ಡಗಳ ಮೈಯಲ್ಲಿ ಮೆಟ್ಟಿಲಿನಂತೆ ಅಡ್ಡ ಪದರಗಳು ಕಾಣುತ್ತವೆ, ಒಂದೊಂದು ಮೆಟ್ಟಿಲೂ ಒಂದೊಂದು ಲಾವಾ ಹರಿವು ಅಥವಾ ಹರಿವುಗಳ ಗುಂಪು. ರತ್ನಾಗಿರಿ ಬರುವ ಹೊತ್ತಿಗೆ ಹಳಿಯ ಪಕ್ಕದ ಕಡಿದ ಗೋಡೆಗಳು ಕೆಂಪಾಗುತ್ತವೆ. ಅದು ಕರಾವಳಿಯವರಿಗೆ ಚಿರಪರಿಚಿತವಾದ ಮುರಕಲ್ಲು: ಜೋರು ಮಳೆ ಮತ್ತು ಬಿಸಿಲಿನ ಸರದಿಯಲ್ಲಿ ಕಲ್ಲಿನೊಳಗಿನ ಸಿಲಿಕಾ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದು ಆದದ್ದು. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಿಟ್ಟಮೇಲೆ ಗಟ್ಟಿಯಾಗುವುದರಿಂದಲೇ ಮನೆ ಕಟ್ಟಲು ಒದಗಿತು. ಸಿಂಧುದುರ್ಗ ದಾಟುವಾಗ ಬಸಾಲ್ಟ್ ಮುಗಿಯುತ್ತದೆ. ಗೋವಾ ಕಳೆದು ಕಾರವಾರದ ಕಾಳಿ ಸೇತುವೆಯ ಮೇಲೆ ಬರುವಾಗ ಸುತ್ತಲಿನ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಒಂದು ರಾತ್ರಿಯ ಪಯಣದಲ್ಲಿ ಅಷ್ಟು ಹಿಂದಕ್ಕೆ ಹೋಗಿರುತ್ತೇವೆ. ಮಧ್ಯಾಹ್ನ ಹೊರಡುವ ರೈಲಾದರೆ ಹೋಗುವಾಗ ಮಹಾರಾಷ್ಟ್ರದ ಭಾಗ, ಬರುವಾಗ ಉತ್ತರ ಕನ್ನಡದ ಭಾಗ ಬೆಳಕಿನಲ್ಲಿ ಸಿಗುತ್ತದೆ. ಪುಣೆ, ಸೊಲ್ಲಾಪುರ ಮಾರ್ಗವಾಗಿ ಹೋಗುವವರು ಬೋರ್ ಘಾಟಿನಲ್ಲಿ ಪದರಗಳನ್ನೂ ಮುಂದೆ ಎರೆಭೂಮಿಯನ್ನೂ ನೋಡಿ, ಶಹಾಬಾದ್ ಬಂದಾಗ ಮನೆಯ ಫರಶಿಯನ್ನು ನೆನಪಿಸಬಹುದು.

ಪ್ರಶ್ನೆ: ಶಾಲೆಯಲ್ಲಿ ಎಲ್ಲ ಇಂಗ್ಲಿಷಿನಲ್ಲಿ. ಮನೆಯಲ್ಲಿ ಕನ್ನಡದಲ್ಲಿ ಹೇಳಿದರೆ ಗೊಂದಲವಾಗುವುದಿಲ್ಲವೆ?

ಆಗುವುದಿಲ್ಲ. ನೋಡಿದ್ದನ್ನು ಮನೆಮಾತಿನಲ್ಲಿ ಹೇಳಲು ಬಂದ ಮಗು ಪರೀಕ್ಷೆಯ ಉತ್ತರವನ್ನು ಬೇರೆ ಭಾಷೆಯಲ್ಲಿ ಬರೆಯಬಲ್ಲದು. ಬಸಾಲ್ಟ್, ಗ್ರಾನೈಟ್‌ಗಳಿಗೆ ಕನ್ನಡದ ಹೊಸ ಹೆಸರು ಹುಡುಕುವ ಶ್ರಮ ಬೇಡ.

ಪ್ರಶ್ನೆ: ಯಾವ ಸಂಗ್ರಹಾಲಯ, ಕೇಂದ್ರಗಳಿಗೆ ಕರೆದೊಯ್ಯಬಹುದು?

ವರ್ಲಿಯ ನೆಹರು ವಿಜ್ಞಾನ ಕೇಂದ್ರ, ಗೋರೆಗಾಂವ್ ಪೂರ್ವದಲ್ಲಿ ಫಿಲ್ಮ್ ಸಿಟಿಯ ಬಳಿಯಿರುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಶಿಕ್ಷಣ ಕೇಂದ್ರ, ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ ಮೂರೂ ಯೋಗ್ಯ. ಕೊನೆಯದರ ಒಳಗೆ ಹೋಗುವ ಮೊದಲು ಹೊರಗೋಡೆಯ ಮುಂದೆ ಹತ್ತು ನಿಮಿಷ ನಿಲ್ಲಿ: ಕಪ್ಪು ಭಾಗ ಕುರ್ಲಾದ ಬಸಾಲ್ಟ್, ಹಳದಿ ಛಾಯೆಯದು ಮಲಾಡ್ ಕಲ್ಲು, ಎರಡೂ ಜ್ವಾಲಾಮುಖಿಯವೇ. ಧಾರಾವಿಯ ಅಂಚಿನ ಮಹಾರಾಷ್ಟ್ರ ನೇಚರ್ ಪಾರ್ಕನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಹಿಂದೆ ನಗರದ ಕಸ ಸುರಿಯುತ್ತಿದ್ದ ಜಾಗದ ಮೇಲೆ ಬೆಳೆಸಿದ ಕಾಡು ಅದು. ಕಸ ಎಲ್ಲಿಗೆ ಹೋಗುತ್ತದೆಂಬ ಪಾಠವನ್ನು ಅಲ್ಲಿ ನಿಂತು ಆರಂಭಿಸುವುದು ಸುಲಭ.

ಪ್ರಶ್ನೆ: ಮಕ್ಕಳು ಹೋದಲ್ಲೆಲ್ಲ ಕಲ್ಲು, ಕಪ್ಪೆಚಿಪ್ಪು ಹೆಕ್ಕಿ ತರುತ್ತಾರೆ. ಬಿಡಬಹುದೆ?

ರಸ್ತೆಬದಿಯ ಜಲ್ಲಿ, ಕಟ್ಟಡ ಕೆಲಸದ ಚೂರು, ಊರಿನ ತೋಟದ ಕಲ್ಲು ತರಲಿ, ಪ್ರತಿಯೊಂದಕ್ಕೂ ಎಲ್ಲಿ, ಯಾವತ್ತು ಸಿಕ್ಕಿತೆಂದು ಚೀಟಿ ಅಂಟಿಸಲಿ. ಚೀಟಿಯಿಲ್ಲದ ಕಲ್ಲಿನಿಂದ ಕಲಿಯುವುದು ಕಡಿಮೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಗುಹೆಗಳು, ಸೇಂಟ್ ಮೇರೀಸ್ ದ್ವೀಪ ಇಂಥ ಕಡೆಯಿಂದ ಒಂದು ಹರಳನ್ನೂ ತರಬಾರದು. ಕಡಲತೀರದ ಚಿಪ್ಪುಗಳಲ್ಲಿ ಕೆಲವು ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಿತವಾಗಿವೆ, ಇನ್ನು ಕೆಲವು ಚಿಪ್ಪುಗಳ ಒಳಗೆ ಸನ್ಯಾಸಿ ಏಡಿ ವಾಸವಾಗಿರುತ್ತದೆ. ಆದ್ದರಿಂದ ಅಲ್ಲಿ ಚಿತ್ರ ಬರೆದುಕೊಂಡು, ಚಿಪ್ಪನ್ನು ಎತ್ತಿದ ಜಾಗದಲ್ಲಿಯೇ, ಎತ್ತಿದ ಮಗ್ಗುಲಿಗೇ ಮರಳಿ ಇಡಿಸಬೇಕು.